ಅರೆಯಾಳುಗಳಿಗೆ ಹೆಸರಿಡುವ ಕೆಲಸ

ಎರಡು ವಾರದ ಹಿಂದೆ ಒಂದು ಶನಿವಾರ ಬೆಳಿಗ್ಗೆ ನಮ್ಮ ಕೆಳಗಿನ ಮನೆಯವರು ಥೇಪ್ಲಾ ಮಾಡುತ್ತಿದ್ದರು. ಮೆಂತ್ಯದ ಸೊಪ್ಪು ಹಾಕಿ ಕಲಸಿದ ಹಿಟ್ಟು ಕಾವಲಿಯ ಮೇಲೆ ಎಣ್ಣೆಯಲ್ಲಿ ಬೇಯುವ ವಾಸನೆ, ಅದರ ಬೆನ್ನಿಗೇ ಅರಿಸಿನ ಇಂಗುಗಳದು, ಗೋಡೆ ಹಿಡಿದು ಮೇಲೇರಿ ನನ್ನ ಅಡಿಗೆಮನೆಯ ಕಿಟಕಿಗೆ ಬಂತು. ಅಹಮದಾಬಾದಿನ ವಸ್ತ್ರಾಪುರಕ್ಕೆ ಬಂದು ಎಂಟು ವರ್ಷವಾದವನಿಗೆ ಥೇಪ್ಲಾದ ವಾಸನೆ ಹೊಸದೇನಲ್ಲ. ಆದರೆ ಈಗೀಗ ಆ ವಾಸನೆಗೆ ನನಗೆ ಹಸಿವಾಗುವುದಿಲ್ಲ, ನಾಚಿಕೆಯಾಗುತ್ತದೆ. ಒಂದು ತಿಂಡಿಯನ್ನು ಕಂಡು ನಾಚಿಕೊಳ್ಳುವ ಮನುಷ್ಯನನ್ನು ನೀವು ಇದುವರೆಗೆ ನೋಡಿರಲಿಕ್ಕಿಲ್ಲ. ಪುರುಸೊತ್ತಿದ್ದರೆ ಕೇಳಿ, ಹೇಳುತ್ತೇನೆ.

ನನ್ನ ಊರು ತುಮಕೂರು. ಕೆಲಸ ನರೋಡಾದ ಒಂದು ಕಾರ್ಖಾನೆಯಲ್ಲಿ, ನೀರಿನ ದೊಡ್ಡ ವಾಲ್ವುಗಳನ್ನು ತಪಾಸಣೆ ಮಾಡುವುದು. ಅಲ್ಲಿ ಯಾವುದಕ್ಕೂ ಹೆಸರಿಲ್ಲ, ನಂಬರು ಮಾತ್ರ. ವಾರಕ್ಕೆ ಆರು ದಿನ ನಂಬರುಗಳ ನಡುವೆ ಇರುತ್ತಿದ್ದ ನಾನು ಏಳನೆಯ ದಿನ ಮಧ್ಯಾಹ್ನ ಸ್ಕೂಟರ್ ಹತ್ತಿ ಬೋಡಕ್‌ದೇವ್‌ನ ಕೇತನ್‌ಭಾಯಿಯ ಮನೆಗೆ ಹೋಗುತ್ತಿದ್ದೆ. ಕೇತನ್‌ಭಾಯ್ ಔಷಧದ ಡಬ್ಬಿ, ಸಿಹಿತಿಂಡಿಯ ಡಬ್ಬಿಗಳ ಮೇಲಿನ ಚಿತ್ರ ಬರೆಯುವವರು. ಅವರ ತಂಗಿ ಹೇತಲ್, ನಾನು, ಆಗಾಗ ಬಂದುಹೋಗುವ ಇನ್ನೊಬ್ಬರು, ಎಲ್ಲರೂ ಊಟದ ಮೇಜಿನ ಸುತ್ತ ಕೂತು ಕಥೆಯಾಟ ಆಡುತ್ತಿದ್ದೆವು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಈ ಆಟದಲ್ಲಿ ಒಬ್ಬರು ಕಥೆ ನಡೆಸುತ್ತಾರೆ, ಮಿಕ್ಕವರು ಅದರೊಳಗಿನ ಒಂದೊಂದು ಪಾತ್ರವಾಗುತ್ತಾರೆ. ಬಾಗಿಲು ಒಡೆಯುತ್ತೇನೆ ಎಂದು ನೀವು ಹೇಳಬಹುದು. ಒಡೆಯಿತೋ ಇಲ್ಲವೋ ಎಂದು ಹೇಳುವುದು ಇಪ್ಪತ್ತು ಮುಖದ ದಾಳ. ಮೂವತ್ತು ದಾಟಿದವರು ಹೀಗೆ ಆಡುವುದನ್ನು ಕಂಡು ನಮ್ಮಮ್ಮ ಫೋನಿನಲ್ಲಿ, "ಮಕ್ಕಳಾಟಾನಾ ಅದು?" ಎಂದು ಕೇಳಿದ್ದರು.

ಕೇತನ್‌ಭಾಯಿಯ ಕಥೆ ನಡೆಯುತ್ತಿದ್ದದ್ದು ಒಂದು ಹೊಳೆಯ ದಂಡೆಯ ಹಳ್ಳಿಯಲ್ಲಿ. ಅಲ್ಲಿದ್ದವರೆಲ್ಲ ಹಾಫ್‌ಲಿಂಗ್‌ಗಳು. ಇಂಥ ಆಟಗಳಲ್ಲಿ ಬರುವ ಒಂದು ಜಾತಿಯ ಜನ ಅವರು: ನಮ್ಮ ಅರ್ಧ ಎತ್ತರ, ಊಟದ ಮೇಲೆ ಬಹಳ ಪ್ರೀತಿ, ಯುದ್ಧದ ಮೇಲೆ ಇಲ್ಲವೇ ಇಲ್ಲ, ಸಂಕಟ ಬಂದಾಗ ಮಾತ್ರ ಎಲ್ಲಿಂದಲೋ ಧೈರ್ಯ. ನಾನು ಅವರಿಗೆ ಕನ್ನಡದಲ್ಲಿ ಅರೆಯಾಳು ಎಂದು ಹೆಸರಿಟ್ಟೆ. ಮೇಜಿನ ಸುತ್ತ ಮತ್ತೊಬ್ಬ ಕನ್ನಡಿಗನಿಲ್ಲದ್ದರಿಂದ ಅದು ಎಂಥ ಒಳ್ಳೆಯ ಪದ ಎಂಬುದು ಯಾರಿಗೂ ತಿಳಿಯಲಿಲ್ಲ. ಆ ಕೊರತೆಯನ್ನು ನಾನೇ ತುಂಬಿಕೊಳ್ಳುತ್ತಿದ್ದೆ.

ಇಡೀ ಹಳ್ಳಿ ಎಂದಮೇಲೆ ಹೆಸರುಗಳು ಬೇಕು. ಇಂಗ್ಲಿಷಿನಲ್ಲಿ ಇಂಥ ಹೆಸರುಗಳ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಒಂದು ಸೊಪ್ಪಿನ ಹೆಸರು, ಅದರ ಪಕ್ಕ ಒಂದು ಪಾತ್ರೆಯ ಹೆಸರು, ಆಯಿತು. ಕೇತನ್‌ಭಾಯಿಗೆ ಅದು ಸಪ್ಪೆ ಎನಿಸಿತ್ತು. ಒಂದು ಭಾನುವಾರ ಹಳ್ಳಿಯ ರೊಟ್ಟಿ ಮಾರುವವನಿಗೆ ಹೆಸರು ತೋಚದೆ ಅವರು ತಡವರಿಸುತ್ತಿದ್ದಾಗ ನಾನು "ಪರ್ಣದತ್ತ" ಎಂದೆ. ಎಲ್ಲರೂ ತಿರುಗಿ ನೋಡಿದರು. ಅರ್ಥ ಹೇಳಿದೆ. "ಬಹು ಸರಸ್" ಎಂದು ಮೆಚ್ಚಿದರು ಕೇತನ್‌ಭಾಯ್. "ನಾಮಕರಣದ ಡಿಪಾರ್ಟ್‌ಮೆಂಟ್ ಇನ್ನುಮೇಲೆ ನಿಮ್ಮದು." ಹಸಿರು ರಟ್ಟಿನ ಒಂದು ನೋಟ್‌ಬುಕ್ ನನ್ನ ಕೈಗೆ ಬಂತು. ಕಾರ್ಖಾನೆಯಲ್ಲಿ ಬಡ್ತಿ ಸಿಕ್ಕಿದ ದಿನಕ್ಕಿಂತ ಅವತ್ತು ಸ್ಕೂಟರ್ ನಿಧಾನವಾಗಿ ಓಡಿಸಿಕೊಂಡು ಮನೆಗೆ ಬಂದೆ, ಸುಖವನ್ನು ಉದ್ದ ಮಾಡಿಕೊಳ್ಳಲು.

ನನಗೊಂದು ಸಿದ್ಧಾಂತವಿತ್ತು. ಆಳು ಚಿಕ್ಕದು, ಆದ್ದರಿಂದ ಹೆಸರಾದರೂ ದೊಡ್ಡದಿರಲಿ. ಪಿಯುಸಿಯಲ್ಲಿ ಕನ್ನಡಕ್ಕೆ ಕಾಲೇಜಿಗೇ ಮೊದಲಿಗನಾಗಿದ್ದೆ, ಚರ್ಚಾಸ್ಪರ್ಧೆಯಲ್ಲಿ ಸ್ಟೀಲಿನ ತಟ್ಟೆ ಗೆದ್ದಿದ್ದೆ. ಅದನ್ನೆಲ್ಲ ಎಲ್ಲಿ ಖರ್ಚು ಮಾಡಲಿ? ಪುಳಿನವಿಹಾರಿ, ತರುಣಾರ್ಕಸೇನ, ಕಳಹಂಸಗಾಮಿನಿ ಎಂದೆಲ್ಲ ಇಟ್ಟೆ. ಎರಡೂಕಾಲು ಅಡಿಯ ಒಬ್ಬ ಮಡಕೆ ಮಾಡುವವಳು ಕಳಹಂಸಗಾಮಿನಿ. ಮುಂದಿನ ವಾರಕ್ಕೆ ಅವಳು ಹಂಸಾಬೆನ್ ಆಗಿರುತ್ತಿದ್ದಳು, ಪರ್ಣದತ್ತ ಪರ್ಣುಭಾಯ್ ಆಗಿದ್ದ. ದೊಡ್ಡ ಹೆಸರುಗಳು ಬಳಕೆಯಲ್ಲಿ ಸವೆಯುವುದು ಸಹಜ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಎರಡು ವರ್ಷ ಹೀಗೆ ನಡೆಯಿತು. ಆಟ ಮುಗಿಯುವ ಹೊತ್ತಿಗೆ ಕೇತನ್‌ಭಾಯಿಯ ತಾಯಿ, ನಾವೆಲ್ಲ ಬಾ ಎಂದು ಕರೆಯುವವರು, ಬಿಸಿ ಥೇಪ್ಲಾ, ಅದರ ಜೊತೆಗೆ ಛುಂದೋ ಎಂಬ ಮಾವಿನ ಸಿಹಿ ಉಪ್ಪಿನಕಾಯಿ ತಂದಿಡುತ್ತಿದ್ದರು. ಇದಕ್ಕಿಂತ ಹೆಚ್ಚಿನ ಪದವಿ ನನಗೆ ಬೇಕಿರಲಿಲ್ಲ.

ಆಮೇಲೆ ಮೈತ್ರಿ ಬಂದಳು.

ಹೇತಲ್‌ಳ ಆಫೀಸಿನಲ್ಲಿ ಹೊಸದಾಗಿ ಸೇರಿದ್ದ ಹುಡುಗಿ. "ಇವಳೂ ನಿಮ್ಮವಳೇ, ಕನ್ನಡದವಳು!" ಎಂದು ಹೇತಲ್ ಪರಿಚಯ ಮಾಡಿಸಿದಳು. ಮನೆತನ ಗದಗಿನದು, ತಂದೆ ರೈಲ್ವೆಯಲ್ಲಿದ್ದು ವಡೋದರಾದಲ್ಲೇ ನಿವೃತ್ತರಾದವರು, ಇವಳು ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ನಾನು ಸಂಭ್ರಮದಿಂದ ಕನ್ನಡದಲ್ಲಿ ಮಾತಾಡಿಸಿದೆ.

"ನಂಗ ಕನ್ನಡಾ ಪೂರಾ ಬರಂಗಿಲ್ರಿ ಅಣ್ಣಾರ" ಎಂದಳು. "ಬರೀಲಿಕ್ಕಂತೂ ಬರಂಗೇ ಇಲ್ಲ. ನಮ್ಮ ಆಯಿ ಮಾತಾಡ್ತಿದ್ಲಲ್ಲ, ಅಷ್ಟ." ಅಜ್ಜಿಗೆ ಅವಳು ಆಯಿ ಎನ್ನುತ್ತಿದ್ದಳು. ಆಯಿ ತೀರಿಕೊಂಡು ಆರು ವರ್ಷವಾಗಿತ್ತು.

ಬರುವುದಿಲ್ಲ ಎಂದು ಕೇಳಿ ನನಗೆ ಸಂತೋಷವೇ ಆಯಿತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಪಾಪ ಎಂದುಕೊಂಡೆ. ಕಲಿಸೋಣ ಎಂದುಕೊಂಡೆ.

ಅವತ್ತಿನ ಕಥೆಯಲ್ಲಿ ನಾವು ಹೊಳೆ ದಾಟಬೇಕಿತ್ತು. ದೋಣಿಯ ಕಟ್ಟೆಯ ಮೇಲೆ ಒಬ್ಬ ಮುದುಕ ಅರೆಯಾಳು ಕೂತಿದ್ದಾನೆ, ಕೇಳಿದ್ದಕ್ಕೆ ಉತ್ತರ ಕೊಡದೆ ಬೇರೆ ಇನ್ನೇನೋ ಹೇಳುತ್ತಾನೆ, ಅಂದರು ಕೇತನ್‌ಭಾಯ್. ಹೆಸರಿಗಾಗಿ ನನ್ನ ಕಡೆ ನೋಡಿದರು. ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೈತ್ರಿ ನಗುತ್ತ, "ಅಂದಂಗ!" ಅಂದಳು.

"ಅಂದರೆ?"

ಅವಳು ಹಿಂದಿಯಲ್ಲಿ ಎಲ್ಲರಿಗೂ ವಿವರಿಸಿದಳು. ಆಯಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಏನಾದರೂ ಕೇಳಬೇಕಾದರೆ ಒಳಗಿನಿಂದ, "ಅಂದಂಗ, ಹಾಲು ಬಂತೇನ್ರಿ?" "ಅಂದಂಗ, ನೀರು ಕಾದೈತ್ರಿ" ಎಂದು ಕೂಗುತ್ತಿದ್ದಳು. ಅಜ್ಜ ಓಗೊಡುತ್ತಿದ್ದ. ಐದು ವರ್ಷದವರೆಗೂ ಮೈತ್ರಿ ತನ್ನ ಅಜ್ಜನ ಹೆಸರು ಅಂದಂಗ ಎಂದೇ ತಿಳಿದಿದ್ದಳು. ಶಾಲೆಗೆ ಸೇರುವಾಗ ಟೀಚರು ಕೇಳಿದ್ದಕ್ಕೆ ಹಾಗೆಯೇ ಹೇಳಿದ್ದಳು.

ಮೇಜಿನ ಸುತ್ತ ನಗೆ ಎದ್ದಿತು. ಅಡಿಗೆಮನೆಯಲ್ಲಿದ್ದ ಬಾ ಕೂಡ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನಕ್ಕರು. ಅವರೂ ಗಂಡನ ಹೆಸರು ಹೇಳದ ಕಾಲದವರು. ಆ ಮುದುಕ ಅಂದಂಗನಾದ. ಮುಂದಿನ ವಾರವೂ ಅವನು ಅಂದಂಗನಾಗಿಯೇ ಉಳಿದ. ಯಾರೂ ಒಂದಕ್ಷರ ಸವೆಸಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಯಾವಾಗಲೂ ತಟ್ಟೆ ಮುಂದೆ ಹಿಡಿಯುವ ದುಂಡನೆಯ ಅರೆಯಾಳು ಇನ್ನೊಂಚೂರು. ಹೊರಡುತ್ತೇನೆಂದು ಎದ್ದು ಹೊಸ್ತಿಲಲ್ಲಿ ಒಂದು ಗಂಟೆ ಮಾತಾಡುವ ಹೆಂಗಸು ಬರ್ತೀನವ್ವ. ಊರ ಕಾವಲುಗಾರ ತಡೀತಡೀ. ಎಲ್ಲ ಆಯಿಯ ಮಾತುಗಳೇ. ಮೂರೋ ನಾಲ್ಕೋ ಅಕ್ಷರ. ಹೇಳಿದ ಕೂಡಲೇ ಆ ಮನುಷ್ಯನ ನಡಿಗೆ ಕಣ್ಣಿಗೆ ಬರುತ್ತಿತ್ತು. ಬಾ ತಮ್ಮ ಪಕ್ಕದ ಮನೆಯಾಕೆಯನ್ನು ಬರ್ತೀನವ್ವ ಎಂದು ಕರೆಯತೊಡಗಿದರು. ಎರಡು ವರ್ಷದಲ್ಲಿ ನನ್ನ ಒಂದು ಹೆಸರೂ ಆ ಮೇಜು ಬಿಟ್ಟು ಆಚೆ ಹೋಗಿರಲಿಲ್ಲ.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಯಲ್ಲಿ ಉರಿ ಎಂದು ತಿಳಿದಿದ್ದೆ. ನನಗೆ ಅದು ಕಿವಿಗೆ ಬಂತು. ಅವಳು ಹೆಸರು ಹೇಳಿದಾಗ ಯಾರು ಎಷ್ಟು ಹೊತ್ತು ನಕ್ಕರು, ನಾನು ಹೇಳಿದಾಗ ಎಷ್ಟು ಹೊತ್ತು, ಎಂದು ಕಿವಿ ಲೆಕ್ಕವಿಡುತ್ತಿತ್ತು. ಅವಳು ಹಳ್ಳಿಯನ್ನು ಹಲ್ಲಿ ಎಂದಾಗ ನನಗೆ ವಾರಕ್ಕಾಗುವಷ್ಟು ಸಮಾಧಾನ. ಎಲ್ಲರೆದುರು ತಿದ್ದುತ್ತಿದ್ದೆ. "ನಾಲಗೆ ಹಿಂದಕ್ಕೆ ಮಡಚಬೇಕು, ಳ, ಳ." ಅವಳು ನಾಲಗೆ ಮಡಚಿ ಹತ್ತು ಸಲ ಹೇಳಿ, "ಈಗ ಬಂತೇನ್ರಿ ಅಣ್ಣಾರ?" ಎನ್ನುತ್ತಿದ್ದಳು. ಅಣ್ಣಾರ ಎಂದು ಕರೆಯುವವಳ ಮೇಲೆ ಉರಿದುಕೊಳ್ಳುವುದು ಸುಲಭವಲ್ಲ. ಆದರೂ ನಿಭಾಯಿಸಿದೆ.

ಅನುಕರಿಸಲೂ ಹೋದೆ. ತುಮಕೂರಿನಲ್ಲೂ ಮಾತುಗಳಿಲ್ಲವೇ? ನರೋಡಾದಿಂದ ವಾಪಸು ಬರುವಾಗ ಸಿಗ್ನಲ್‌ಗಳಲ್ಲಿ ನಿಂತು ನಮ್ಮ ಅಜ್ಜಿಯ ಮಾತುಗಳನ್ನು ನೆನಪು ಮಾಡಿಕೊಂಡೆ. ಮುಂದಿನ ಭಾನುವಾರ ಒಬ್ಬ ನಿಧಾನಸ್ಥ ಅರೆಯಾಳಿಗೆ "ಒಸಿತಾಳು" ಎಂದು ಸೂಚಿಸಿದೆ. ಯಾರೂ ನಗದ್ದರಿಂದ ಅರ್ಥ ವಿವರಿಸಿದೆ. ಒಸಿ ಎಂದರೆ ಸ್ವಲ್ಪ, ತಾಳು ಎಂದರೆ ಕಾಯಿ, ಕಾಯಿ ಎಂದರೆ ತೆಂಗಿನಕಾಯಲ್ಲ. ಹತ್ತು ನಿಮಿಷವಾಯಿತು. ಕೇತನ್‌ಭಾಯ್ ವಿನಯದಿಂದ ದಾಳ ಉರುಳಿಸಿದರು. ಆಟ ಮುಗಿದ ಮೇಲೆ, "ನೋಟ್‌ಬುಕ್ ಸ್ವಲ್ಪ ದಿನ ಮೈತ್ರಿ ಹತ್ತಿರ ಇರಲಿ ಅಲ್ಲವಾ? ನಿಮಗೂ ಒಂದು ರೆಸ್ಟ್" ಎಂದರು. ನಾನೇ ಎತ್ತಿ ಕೊಟ್ಟೆ. ಕೊಡುವಾಗ ನಗುತ್ತಲೂ ಇದ್ದೆ.

ಮುಂದಿನದು ನನ್ನ ಕೆಲಸ. ಅದನ್ನು ನಾನು ಹೇಗೆ ಮಾಡಿದೆನೋ ಹಾಗೆಯೇ ಹೇಳುತ್ತೇನೆ.

ಮೈತ್ರಿ ಇನ್ನೂ ಬೇರೆಯವರ ಪಾತ್ರಗಳಿಗೆ ಹೆಸರಿಡುತ್ತಿದ್ದಳೇ ಹೊರತು ತನ್ನದೇ ಪಾತ್ರಕ್ಕೆ ಇಟ್ಟಿರಲಿಲ್ಲ. ಒಂದು ಸಂಜೆ ಇಬ್ಬರೂ ಒಟ್ಟಿಗೆ ಲಿಫ್ಟಿಗೆ ಕಾಯುತ್ತಿದ್ದಾಗ, "ಅಣ್ಣಾರ, ಒಂದ್ ಮಾತು ಕೇಳ್ಲೇನ್ರಿ? ಗುಲಗಂಜಿ ಅಂದ್ರ ಏನು?" ಎಂದಳು.

"ಯಾಕೆ?"

"ಆಯಿ ನಂಗ ಹಂಗ ಕರೀತಿದ್ಲು. ಏ ಗುಲಗಂಜಿ, ಬಾ ಇಲ್ಲೆ ಅಂತ. ಆಕಿ ಇದ್ದಾಗ ಕೇಳಲಿಲ್ಲ. ನನ್ನ ಹಾಫ್‌ಲಿಂಗ್‌ಗೆ ಅದನ್ನ ಇಡಬೇಕಂತ ಮಾಡೀನಿ. ನಿಮಗ ಚೊಲೋ ಕನ್ನಡ ಗೊತ್ತೈತಲ್ಲ, ಅದಕ್ಕ ಕೇಳಿದೆ."

ನನಗೆ ಗೊತ್ತಿತ್ತು. ತುಮಕೂರಿನಲ್ಲಿ ನಮ್ಮ ಮನೆಯ ಪಕ್ಕದಲ್ಲೇ ಅಕ್ಕಸಾಲಿಗರ ಅಂಗಡಿ. ಅಲ್ಲಿಯ ತಗಡಿನ ಡಬ್ಬಿಯಲ್ಲಿ ಗುಲಗಂಜಿಗಳಿರುತ್ತಿದ್ದವು: ಕೆಂಪನೆಯ ಮೈ, ತುದಿಗೆ ಒಂದು ಕಪ್ಪು ಚುಕ್ಕೆ, ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದು. ನಾನು ಅವನ್ನು ಸಾಲಾಗಿ ಜೋಡಿಸಿ ಆಡಿದ್ದೇನೆ. ಹಿಂದೆ ತಕ್ಕಡಿಯ ಒಂದು ತಟ್ಟೆಗೆ ಅವನ್ನಿಟ್ಟು ಇನ್ನೊಂದರಲ್ಲಿ ಚಿನ್ನ ತೂಗುತ್ತಿದ್ದರು ಎಂದು ಆ ಅಕ್ಕಸಾಲಿಗರೇ ನನಗೆ ಹೇಳಿದ್ದರು. ಅಷ್ಟು ಪುಟ್ಟದು, ಆದರೆ ಚಿನ್ನದ ತೂಕ ತಿಳಿಯುವುದು ಅದರಿಂದ. ಅರೆಯಾಳಿಗೆ ಇದಕ್ಕಿಂತ ಒಳ್ಳೆಯ ಹೆಸರು ಈ ಭಾಷೆಯಲ್ಲಿ ಇಲ್ಲ ಎಂದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ಎರಡು ವರ್ಷ ಹುಡುಕಿದ ನನ್ನ ತಲೆಗೆ ಒಮ್ಮೆಯೂ ಬಾರದ ಹೆಸರು, ಹುಡುಕದವಳ ಕಿವಿಯಲ್ಲಿ ಹುಟ್ಟಿದಾಗಿನಿಂದ ಇತ್ತು.

"ಅದೊಂದು ವಿಷದ ಬೀಜ" ಎಂದೆ.

"ವಿಷ?"

"ಹೂಂ. ತುಂಬಾ ವಿಷ. ಮಕ್ಕಳ ಕೈಗೆ ಸಿಗದ ಹಾಗೆ ಇಡ್ತಾರೆ."

ಅವಳು ಫೋನು ತೆಗೆದಳು. ಹೇಗೆ ಬರೆಯಬೇಕೆಂದು ಕೇಳಿದಳು, ನಾನೇ ಹೇಳಿಕೊಟ್ಟೆ. ಮೊದಲು ಬಂದದ್ದೇ ವಿಷದ ಮಾತು, ಎಷ್ಟು ಬೀಜಕ್ಕೆ ಏನಾಗುತ್ತದೆ ಎಂಬುದು. ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಲಿಫ್ಟ್ ಬಂತು. ನಾನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಉಳಿದರ್ಧ ನನ್ನ ಬಾಯಲ್ಲೇ ಇತ್ತು, ನುಂಗಿಕೊಂಡೆ. ಗೇಟಿನ ಹತ್ತಿರ ಅವಳು, "ಸಣ್ಣಾಕಿದ್ದಾಗ ನಾ ಭಾಳ ಕಾಡ್ತಿದ್ನಂತ, ಅದಕ್ಕ ಇರಬೇಕು" ಎಂದು ನಕ್ಕು ಆಟೋ ಹತ್ತಿದಳು.

ಮುಂದಿನ ಭಾನುವಾರ ತನ್ನ ಪಾತ್ರಕ್ಕೆ ಇಂಗ್ಲಿಷ್ ಪಟ್ಟಿಯಿಂದ ಒಂದು ಹೆಸರು ಆರಿಸಿಕೊಂಡು ಬಂದಿದ್ದಳು. ಸೊಪ್ಪಿನ ಹೆಸರು, ಪಾತ್ರೆಯ ಹೆಸರು. ಹೇತಲ್ ಬೇಸರದಿಂದ, "ನಿನ್ನ ಆಯಿಯದು ಯಾವುದಾದರೂ ಹೇಳೇ" ಎಂದರೆ, "ಅವೆಲ್ಲ ಅರ್ಥ ಗೊತ್ತಿಲ್ಲದ ಮಾತು ಯಾರ್, ಏನಿರ್ತದೋ ಏನೋ" ಎಂದಳು. ಒಂದೆರಡು ವಾರದಲ್ಲಿ ನೋಟ್‌ಬುಕ್ ನನ್ನ ಕೈಗೆ ತಿರುಗಿ ಬಂತು. ಮೈತ್ರಿಯೇ ತಂದುಕೊಟ್ಟಳು. ಗೆದ್ದೆ ಎನ್ನಿ. ಒಬ್ಬ ಮೀನುಗಾರನಿಗೆ ಜಲಧಿಮಿತ್ರ ಎಂದು ಹೆಸರಿಟ್ಟೆ. ಚಹಾ ಬರುವ ಮೊದಲೇ ಅವನು ಮೀನುವಾಲಾ ಆದ.

ಮೂರು ತಿಂಗಳು ಕಳೆದವು. ಅವಳ ತಂದೆ ನನ್ನ ವಿಷಯ ಕೇಳಿ, ಒಬ್ಬ ಕನ್ನಡಿಗ ಇಷ್ಟು ಹತ್ತಿರ ಇದ್ದಾನೆಂದರೆ ಊಟಕ್ಕೆ ಕರೆಯದೆ ಹೇಗೆ ಎಂದರಂತೆ. ಒಂದು ರಜಾದಿನ ವಡೋದರಾಕ್ಕೆ ಹೋದೆ. ತಾಯಿ ಅಕ್ಕನ ಮನೆಗೆ ಊರಿಗೆ ಹೋಗಿದ್ದರು. ತಂದೆ ತಾವೇ ಜೋಳದ ರೊಟ್ಟಿ ಬಡಿದಿದ್ದರು. ಗುಜರಾತಿನಲ್ಲಿ ಮೂವತ್ತು ವರ್ಷ ಇದ್ದೂ ಅವರ ಗದಗಿನ ಮಾತು ಒಂದಿಷ್ಟೂ ಬದಲಾಗಿರಲಿಲ್ಲ. ಗೋಡೆಯ ಮೇಲೆ ಆಯಿಯ ಫೋಟೋ ಇತ್ತು. ಮಾತಿಗೆ ಮಾತು ಬಂತು. ತಮ್ಮ ತಾಯಿಯ ತವರಿನ ಸುದ್ದಿ ತೆಗೆದರು.

"ನಮ್ಮವ್ವ ಪತ್ತಾರರ ಮನಿ ಮಗಳ್ರಿ. ಬಂಗಾರದ ಕೆಲಸದವರು. ಆಕೀ ತವರಮನ್ಯಾಗ ಒಂದು ಹಿತ್ತಾಳಿ ಡಬ್ಬಿ ಇತ್ತು, ಗುಲಗಂಜಿ ತುಂಬಿದ್ದು. ಇಕಿ ಹುಟ್ಟಿದಾಗ ಭಾಳ ಸಣ್ಣಾಕಿ, ಡಾಕ್ಟರ್ ಕಾಜಿನ ಪೆಟಗ್ಯಾಗ ಇಟ್ಟಿದ್ರು. ಎಲ್ಲಾರೂ ಅಳ್ತಿದ್ವಿ. ನಮ್ಮವ್ವ ಒಬ್ಬಾಕಿ, ಸಣ್ಣಾಕಿ ಆದ್ರ ಏನಾತು, ಇಕಿ ನನ್ನ ಗುಲಗಂಜಿ, ಬಂಗಾರ ತೂಗಾಕ ಇಕೀನ ಬೇಕು ಅಂದ್ಲು. ಅವತ್ತಿಂದ ಅದ ಹೆಸರು."

ಮೈತ್ರಿ ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದಳು. "ಅದು ವಿಷ ಅಲ್ಲೇನು ಅಪ್ಪಾಜಿ?"

"ಅರದು ಕುಡಿದ್ರ ವಿಷಾನ. ಯಾರರ ಕುಡೀತಾರೇನು?" ಎಂದು ಅವರು ನಕ್ಕರು. "ಯಾರ್ ಹೇಳಿದ್ರು ನಿನಗ?"

ಅವಳು ನನ್ನ ಕಡೆ ನೋಡಿದಳು. ಸಿಟ್ಟಿನ ನೋಟವಲ್ಲ, ಕೇಳುವ ನೋಟ. ನನಗಾಗಿ ಒಂದು ಕ್ಷಣ ತೆರೆದಿಟ್ಟಂತಿತ್ತು. ನಾನು, "ನಮ್ಮ ಕಡೆ ವಿಷ ಅಂತಲೇ ಹೇಳ್ತಾರೆ ಸಾರ್, ಇದೆಲ್ಲ ನನಗೆ ಗೊತ್ತಿರಲಿಲ್ಲ" ಎಂದೆ. ಹಿಂದೆ ಹೇಳಿದ್ದು ಅರ್ಧ ನಿಜವಾದರೂ ಆಗಿತ್ತು. ಇದು ಪೂರ್ತಿ ಸುಳ್ಳು. ಅವರು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ಇರ್ಲಿ ಬಿಡ್ರಿ, ಊರಿಗೊಂದು ನಮೂನಿ" ಎಂದರು.

ಸ್ಟೇಷನ್‌ವರೆಗೆ ಬಿಡಲು ಮೈತ್ರಿ ಬಂದಳು. ಅವಳ ಸ್ಕೂಟರಿನ ಹಿಂದೆ ಕೂತಿದ್ದಾಗ ಹೇಳಲಾಗಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ರೈಲು ಇಪ್ಪತ್ತು ನಿಮಿಷ ತಡ ಎಂದು ಕೂಗಿದರು. ಅದು ಸರಿಯಾದ ಸಮಯಕ್ಕೆ ಬಂದಿದ್ದರೆ ನಾನು ಹತ್ತಿಬಿಡುತ್ತಿದ್ದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

"ಮೈತ್ರಿ, ನನಗೆ ಗೊತ್ತಿತ್ತು" ಎಂದೆ. "ಚಿನ್ನ ತೂಗೋದು ಗೊತ್ತಿತ್ತು. ಬೇಕಂತಲೇ ಹೇಳಲಿಲ್ಲ."

"ಯಾಕ್ರಿ?"

"ಹೆಸರು ತುಂಬ ಚೆನ್ನಾಗಿತ್ತು."

ಅವಳಿಗೆ ಅರ್ಥವಾದದ್ದು ಮುಖದಲ್ಲಿ ಕಂಡಿತು. ಅವಳು ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ.

"ಮೂರ್ ತಿಂಗಳು ನಾ ಆಯಿ ಮ್ಯಾಲೆ ಸಿಟ್ಟು ಮಾಡ್ಕೊಂಡಿದ್ದೆ" ಎಂದಳು. "ಮನಿಗೆ ಬಂದಾಗ ಆಕೀ ಫೋಟೋಕ್ಕ ಕೈ ಸೈತ ಮುಗೀತಿದ್ದಿಲ್ಲ. ಅಪ್ಪಾಜೀನ್ನ ಕೇಳಾಕೂ ಮನಸಾಗ್ಲಿಲ್ಲ, ಇನ್ನೇನ್ ಕೆಟ್ಟದ್ದು ಬರ್ತದೋ ಅಂತ." ಆಮೇಲೆ ಹಳಿಗಳ ಕಡೆ ನೋಡುತ್ತ, "ನಿಮಗ ಪೂರಾ ಕನ್ನಡ ಐತ್ರಿ ಅಣ್ಣಾರ. ಓದ್ತೀರಿ, ಬರೀತೀರಿ, ಎಷ್ಟ್ ಬೇಕಷ್ಟು ಹೆಸರು ಮಾಡ್ತೀರಿ. ನನ್ನ ಹಂತೇಕ ಇರೋದ ಒಂದ್ ನಾಲ್ಕ ಮಾತು. ಅದರಾಗಿಂದೂ ಒಂದು ನಿಮಗ ಬೇಕಾತೇನ್ರಿ?"

ರೈಲು ಬಂತು. "ಹೋಗ್ರಿ, ಜಾಗಾ ಸಿಗಂಗಿಲ್ಲ" ಎಂದಳು. ಸಿಟ್ಟಿನಲ್ಲೂ ನನಗೆ ಸೀಟು ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ಅಹಮದಾಬಾದ್‌ವರೆಗೂ ನಿಂತೇ ಬಂದೆ. ಕೂರಲು ಜಾಗವಿತ್ತು.

ಅವಳು ಮತ್ತೆ ಭಾನುವಾರದ ಆಟಕ್ಕೆ ಬರಲಿಲ್ಲ. ತಿಂಗಳೊಳಗೆ ಸೂರತ್‌ನಲ್ಲಿ ಬೇರೆ ಕೆಲಸ ಸಿಕ್ಕಿ ಹೋದಳೆಂದು ಹೇತಲ್ ಹೇಳಿದಳು. ಕಾರಣ ಮಾತ್ರ ಹೇಳಿಲ್ಲ ಎಂದಳು. ನನ್ನ ಹೆಸರನ್ನು ಯಾರ ಮುಂದೆಯೂ ಕೆಡಿಸದೆ ಹೋಗಿದ್ದಳು. ಆ ದೊಡ್ಡತನದ ಮೇಲೂ ನನಗೆ ಅಸೂಯೆಯಾಯಿತು ಎಂದರೆ ನಂಬುತ್ತೀರಾ? ನಾನಾಗಿದ್ದರೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದೆ. ಕೊನೆಗೆ ಒಂದು ಭಾನುವಾರ, ಆಟ ಶುರುವಾಗುವ ಮೊದಲು, ನಾನೇ ಮೇಜಿನ ಮುಂದೆ ನಡೆದದ್ದನ್ನು ಹೇಳಿದೆ. ಹೇತಲ್ ಎದ್ದು ಒಳಗೆ ಹೋದಳು. ಕೇತನ್‌ಭಾಯ್ ಪೆನ್ಸಿಲ್ ಕೆಳಗಿಟ್ಟು, "ನೋಟ್‌ಬುಕ್ ಕೊಡಿ" ಎಂದರು. ಕೊಟ್ಟೆ. "ಇವತ್ತು ಆಟ ಬೇಡ." ಬಾ ಎಂದಿನಂತೆ ಥೇಪ್ಲಾ ತಂದಿಟ್ಟರು. ಎಂದಿನಂತೆ ತಿನ್ನು ಎಂದು ಒತ್ತಾಯ ಮಾಡಲಿಲ್ಲ. ಇಷ್ಟೇ ನೋಡಿ ಆ ವಾಸನೆಯ ವಿಷಯ.

ಅಲ್ಲಿಗೆ ಹೋಗುವುದನ್ನು ನಾನು ಬಿಡಲಿಲ್ಲ. ಒಂದೆರಡು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ ಹೇತಲ್, ಆಮೇಲೆ ಮಾತಾಡಿದಳು. ನಾನು ಹೆಸರಿಡುವುದನ್ನು ಬಿಟ್ಟೆ. ವರ್ಷ ಕಳೆಯಿತು, ಮೇಲೆ ಆರು ತಿಂಗಳು. ಮೈತ್ರಿಗೆ ಎರಡು ಸಲ ಕ್ಷಮಿಸು ಎಂದು ಮೆಸೇಜು ಕಳಿಸಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಮೂರನೆಯದು ಕಳಿಸಲಿಲ್ಲ. ಕ್ಷಮೆಯನ್ನೂ ಪೀಡಿಸಿ ವಸೂಲು ಮಾಡುವುದು ಬೇಡವೆನಿಸಿತು.

ಕೆಳಮನೆಯ ಥೇಪ್ಲಾದ ಶನಿವಾರ ಕಳೆದು ನಾಲ್ಕನೆಯ ದಿನ, ಕಾರ್ಖಾನೆಯ ಊಟದ ಹೊತ್ತಿನಲ್ಲಿ ಫೋನು ಬಂತು.

"ಅಣ್ಣಾರ, ಮೈತ್ರಿ ಮಾತಾಡ್ಲಿಕತ್ತೀನಿ. ಇಲ್ಲೆ ಸೂರತ್ತಿನ್ಯಾಗ ನಾವೂ ಆಡ್ತೇವಿ ಈಗ. ನಾನ ನಡಸ್ತೀನಿ. ಈ ಸಂಡೇ ಒಬ್ರು ಕಮ್ಮಿ ಬಿದ್ದಾರ. ಬರ್ತೀರೇನು?"

ಬರುತ್ತೇನೆ ಎಂದೆ. ಯಾಕೆ ಕರೆದೆ ಎಂದು ಕೇಳುವ ಧೈರ್ಯವಿರಲಿಲ್ಲ. ಒಬ್ಬರು ಕಡಿಮೆ ಬಿದ್ದಿದ್ದಾರೆ ಎಂಬುದೇ ಸಾಕು ಕಾರಣ.

ಹೋದ ಭಾನುವಾರ ಬೆಳಿಗ್ಗೆಯ ರೈಲು ಹಿಡಿದು ಸೂರತ್‌ಗೆ ಹೋದೆ. ಮೂರನೆಯ ಮಹಡಿಯ ಒಂದು ಪುಟ್ಟ ಮನೆ. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ನಾಲ್ಕು ಜನ ಸೂರತ್ತಿನ ಗೆಳೆಯರು. ನಡುವೆ ಮೈತ್ರಿ ತಾನೇ ಬರೆದ ನಕ್ಷೆ ಹರಡಿಕೊಂಡು ಕೂತಿದ್ದಳು. ಈಗ ಅವಳದೇ ಹಳ್ಳಿ. ಪಾತ್ರಗಳ ಹೆಸರುಗಳು ಕೆಲವು ಕನ್ನಡ, ಕೆಲವು ಸೂರತ್ತಿನ ಗುಜರಾತಿ, ಕೆಲವು ಎರಡೂ ಅಲ್ಲದವು. ಒಂದಕ್ಕಿಂತ ಒಂದು ಚೆಂದ. ಒಂದು ಹೆಸರು ಮಾತ್ರ ಅಲ್ಲಿ ಕಾಣಲಿಲ್ಲ, ನಾನು ಕೇಳಲೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಬಟ್ಟೆ ಅಂಗಡಿಯ ಹುಡುಗನ ಅರೆಯಾಳಿನ ಹೆಸರು ನೋಡಿ ಕಿವಿ ಮತ್ತೆ ಬಿಸಿಯಾಯಿತು. ಈ ಕಿಚ್ಚು ಆರುವ ಜಾತಿಯದಲ್ಲ ಎಂದು ಗೊತ್ತಾಯಿತು. ಆದರೆ ಈಗ ಅದು ಕೇಳುತ್ತಿದ್ದದ್ದು ಬೇರೆ: ಇಂಥದೊಂದು ನನಗೂ ಯಾಕಿಲ್ಲ?

ಅವಳು ನನ್ನ ಮುಂದೆ ಖಾಲಿ ಹಾಳೆ ಇಟ್ಟಳು. "ಹೆಸರು ಏನ್ರಿ?"

ದಾರಿಯುದ್ದಕ್ಕೂ ಹನ್ನೊಂದು ಹೆಸರು ಯೋಚಿಸಿಕೊಂಡು ಬಂದಿದ್ದೆ. ಒಂದೆರಡು ನಿಜಕ್ಕೂ ಚೆನ್ನಾಗಿದ್ದವು. "ನೀನೇ ಇಡು ಮೈತ್ರಿ" ಎಂದೆ.

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಹೆಸರಿಡುವ ಮೊದಲು ಅವಳು ಹಾಗೆ ನೋಡುತ್ತಾಳೆ ಎಂಬುದನ್ನು ಅದುವರೆಗೆ ನಾನು ಗಮನಿಸಿಯೇ ಇರಲಿಲ್ಲ. "ಇವತ್ತ ಬ್ಯಾಡ್ರಿ" ಎಂದಳು ಕೊನೆಗೆ. "ಮೊದಲ ಆಡ್ರಿ. ನೋಡೂಣು." ಹಾಳೆಯ ಮೇಲೆ ಹೆಸರಿನ ಜಾಗ ಹಾಗೆಯೇ ಬಿಟ್ಟು ಪೆನ್ಸಿಲ್ ನನ್ನ ಕೈಗೆ ಕೊಟ್ಟಳು.

ಕಥೆ ಶುರುವಾಯಿತು. ಊರಿನವರೆಲ್ಲ ಸಂತೆಗೆ ಹೊರಟಿದ್ದಾರೆ, ಗಾಡಿ ತುಂಬಿದೆ, ದಾರಿಯಲ್ಲಿ ಒಬ್ಬ ಅಪರಿಚಿತ ಅರೆಯಾಳು ಕೈ ಅಡ್ಡ ಹಿಡಿದು ನಿಂತಿದ್ದಾನೆ ಎಂದಳು ಮೈತ್ರಿ. ಅದು ನಾನು. ಗಾಡಿಯೊಳಗಿನಿಂದ ಬಟ್ಟೆ ಅಂಗಡಿಯ ಹುಡುಗ ತಲೆ ಹೊರಗೆ ಹಾಕುವಂತೆ ಕತ್ತು ಚಾಚಿ ನನ್ನ ಹೆಸರು ಕೇಳಿದ: "ತಮಾರು ನಾಮ್ ಶುಂ, ಭಾಯ್?"

ಎಲ್ಲರೂ ಕಾಯುತ್ತಿದ್ದರು.

"ಹಜು ನಥಿ" ಎಂದೆ. ಇನ್ನೂ ಇಲ್ಲ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಚಾಪೆಯ ಮೇಲೆ ಒಂದಿಷ್ಟು ಸರಿದು ಕೂತರು, ನಾನು ಗಾಡಿ ಹತ್ತಿದೆ.